ಹಸಿರು ಇಂಕಿನ ಕೊಂಡಿ

"ಆ ಪೇಪರ್ ಕೆಳಗಿಡಿ!"

ಜೆರಾಕ್ಸ್ ಅಂಗಡಿಯ ಮುಂದೆ ನಿಂತಿದ್ದ ಮೂವರು ಗಿರಾಕಿಗಳೂ ಬೆಚ್ಚಿಬಿದ್ದು ತಿರುಗಿದರು. ಅವರವರ ಕೈಯಲ್ಲಿದ್ದ ಪೇಪರುಗಳನ್ನು ಅವರೇ ಕೌಂಟರ್ ಮೇಲೆ ಇಟ್ಟುಬಿಟ್ಟರು. ಅವಳ ದನಿ ಹಾಗಿತ್ತು!

ಆದರೆ ಅವಳು ನೋಡುತ್ತಿದ್ದದ್ದು ಮಷೀನಿನ ಪಕ್ಕ ನಿಂತಿದ್ದವನನ್ನು. ಅವನ ಕೈಯಲ್ಲಿ ಅವಳು ತಿದ್ದಿ ಕಳಿಸಿದ್ದ ಪ್ರಬಂಧಗಳ ಕಟ್ಟು. ಕಾಪಿ ಮಾಡಬೇಕಾದವನು ಕಾಪಿ ಮಾಡುತ್ತಿರಲಿಲ್ಲ. ಓದುತ್ತಿದ್ದ. ಅದೂ ಸುಮ್ಮನೆ ಕಣ್ಣಾಡಿಸುವುದಲ್ಲ... ತುಟಿ ಅಲ್ಲಾಡಿಸುತ್ತಾ, ಒಂದೊಂದೇ ಸಾಲು.

"ಇದನ್ನ ಓದಿ ಅಂತ ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ ಮೇಡಂ. ಓದದೆ ಹಾಕಿದ್ರೆ ತಲೆಕೆಳಗಾಗಿ ಬರುತ್ತೆ."

"ತಲೆ ಯಾವ ಕಡೆ ಅಂತ ತಿಳಿಯೋಕೆ ಎರಡನೇ ಪುಟದ ಕೊನೇ ಪ್ಯಾರಾ ಓದಬೇಕಾ?"

ಅವನು ಹಾಳೆಗಳ ಅಂಚು ಸರಿಮಾಡತೊಡಗಿದ. ಕಿವಿಗಳು ಕೆಂಪಾದವು.

'ತಪ್ಪು ಮಾಡಿದವರ ಕಿವಿಯೇ ಹೀಗೆ ಕೆಂಪಾಗುವುದು...' ಅವಳು ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು.

ಮೂರು ವರ್ಷದಿಂದ ವಾರಕ್ಕೆರಡು ಸಲ ಇದೇ ಕೌಂಟರಿಗೆ ಬಂದು ಕಟ್ಟು ಕೊಟ್ಟು ಹೋಗುತ್ತಿದ್ದಳು. ಅವನ ಕೈ ನೋಡಿದ್ದಳೇ ಹೊರತು ಮುಖ ನೋಡಿರಲಿಲ್ಲ. ಇವತ್ತು ನೋಡಿದಳು. ಚೆನ್ನಾಗಿಯೇ ಇತ್ತು, ಅದೇ ಇನ್ನಷ್ಟು ಅನುಮಾನ ತಂದಿತು. ಚೆನ್ನಾಗಿರುವ ಮುಖಗಳನ್ನು ನಂಬಿ ಅವಳು ಒಮ್ಮೆ ಕೈ ಸುಟ್ಟುಕೊಂಡಿದ್ದಳಲ್ಲ!

ಅದೇ ಕಟ್ಟಡದ ಎರಡನೇ ಮಹಡಿಯಲ್ಲಿತ್ತು ಅವಳು ಪಾಠ ಮಾಡುತ್ತಿದ್ದ ಕೋಚಿಂಗ್ ಸೆಂಟರ್. ಕೆಲಸಕ್ಕೋ ಬಡ್ತಿಗೋ ಇಂಗ್ಲಿಷ್ ಪರೀಕ್ಷೆಯ ಸರ್ಟಿಫಿಕೇಟ್ ಬೇಕಾದವರು ಅಲ್ಲಿಗೆ ಬರುತ್ತಿದ್ದರು. ಅವಳ ಪಾಲಿಗೆ ಬಂದದ್ದು ಪ್ರಬಂಧ ಬರವಣಿಗೆ. ಅದರಲ್ಲೂ ಅವಳ ಪ್ರಾಣವಿದ್ದದ್ದು ವಾಕ್ಯಕ್ಕೆ ವಾಕ್ಯ ಜೋಡಿಸುವ ಪದಗಳಲ್ಲಿ. ಹೌಎವರ್, ದೇರ್‌ಫೋರ್, ಮೋರ್‌ಓವರ್... ಒಂದು ಮಾತಿನಿಂದ ಇನ್ನೊಂದು ಮಾತಿಗೆ ಓದುಗ ಎಡವದೆ ಬರಬೇಕು ಅನ್ನುವುದು ಅವಳ ಹಟ. ಎಲ್ಲಿ ಅಂಥ ಪದ ಬಿಟ್ಟುಹೋಗಿದೆಯೋ ಅಲ್ಲಿ, ಪಕ್ಕದ ಖಾಲಿ ಜಾಗದಲ್ಲಿ, ಹಸಿರು ಇಂಕಿನಿಂದ ಬಾಗಿಲ ಕೊಂಡಿಯಂಥ ಒಂದು ಪುಟ್ಟ ಗುರುತು ಬರೆಯುತ್ತಿದ್ದಳು. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಕೊಂಡಿ ಮೇಡಂ.

ಆ ದಿನ ಬೆಳಿಗ್ಗೆ ಪರೀಕ್ಷಾ ಕಚೇರಿಯಿಂದ ಒಂದು ಪತ್ರ ಬಂದಿತ್ತು. ಡೈರೆಕ್ಟರ್ ಅದನ್ನು ಅವಳ ಮುಂದೆ ತಳ್ಳಿದ್ದರು.

"ನಮ್ಮ ಹದಿನಾಲ್ಕು ಜನರ ರಿಸಲ್ಟ್ ತಡೆಹಿಡಿದಿದ್ದಾರೆ. ಹದಿನಾಲ್ಕೂ ಪ್ರಬಂಧ ಒಂದೇ ಮೂಲದಿಂದ ಇಳಿಸಿದ ಹಾಗಿದೆಯಂತೆ! ಯಾರೋ ನಮ್ಮ ತಿದ್ದಿದ ಪೇಪರ್‌ಗಳನ್ನ ಹೊರಗೆ ಹಂಚ್ತಿದ್ದಾರೆ. ಹತ್ತು ದಿನದೊಳಗೆ ಮೂಲ ಯಾವುದು ಅಂತ ತಿಳಿಸದಿದ್ರೆ ರಿಸಲ್ಟ್ ರದ್ದು."

ಹದಿನಾಲ್ಕು ನಂಬರುಗಳ ಪಟ್ಟಿಯಲ್ಲಿ ಒಂಬತ್ತನೆಯದನ್ನು ಅವಳು ಮೂರು ಸಲ ಓದಿದ್ದಳು. ಅದು ಅವಳ ಅಕ್ಕನ ನಂಬರ್.

ಅಕ್ಕ ನರ್ಸ್. ಹನ್ನೊಂದು ವರ್ಷ ವಾರ್ಡಿನಲ್ಲಿ ಓಡಾಡಿ ಕಾಲು ಸವೆಸಿದವಳು. ತಿಂಗಳ ಕೊನೆಯೊಳಗೆ ಈ ಸರ್ಟಿಫಿಕೇಟ್ ತೋರಿಸಿದರೆ ಹೆಡ್ ನರ್ಸ್. ಇಲ್ಲದಿದ್ದರೆ ಆ ಹುದ್ದೆ ಇನ್ನೊಬ್ಬರಿಗೆ. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ತಂಗಿಯನ್ನು ಓದಿಸಿದವಳು ಅವಳೇ.

'ಅಕ್ಕನ ಬಾಳಿಗೆ ಕಲ್ಲು ಹಾಕಿದವರು ಯಾರೇ ಆಗಿರಲಿ, ನಾನು ಬಿಡುವುದಿಲ್ಲ!'

ತಿದ್ದಿದ ಪ್ರಬಂಧಗಳು ಸೆಂಟರಿನಿಂದ ಹೊರಗೆ ಹೋಗುತ್ತಿದ್ದದ್ದು ಒಂದೇ ಕಡೆಗೆ. ಕೆಳಗಿನ ಜೆರಾಕ್ಸ್ ಅಂಗಡಿಗೆ. ಅವಳು ಎರಡೆರಡು ಮೆಟ್ಟಿಲು ಹಾರಿ ಇಳಿದು ಬಂದದ್ದೇ ಅದಕ್ಕೆ.

ಈಗ ಕಟ್ಟನ್ನು ಕಸಿದುಕೊಂಡು ಹೊರಟವಳನ್ನು ಅವನು ಕರೆದ.

"ಮೇಡಂ... ಕಾಪಿ?"

"ಬೇಡ!"

* * *

ಸೋಮವಾರ ಬೆಳಗಿನ ಹೊಸ ಬ್ಯಾಚಿನಲ್ಲಿ ಹಾಜರಿ ತೆಗೆದುಕೊಳ್ಳಲು ತಲೆ ಎತ್ತಿದವಳು ಹಾಗೇ ನಿಂತುಬಿಟ್ಟಳು.

ಕೊನೆಯ ಬೆಂಚಿನಲ್ಲಿ ಅವನು! ಇಸ್ತ್ರಿ ಮಾಡಿದ ಅಂಗಿ, ತೋರುಬೆರಳಿನಲ್ಲಿ ಎಷ್ಟು ತೊಳೆದರೂ ಹೋಗದ ಟೋನರ್ ಪುಡಿಯ ಕಪ್ಪು.

"ನೀವು ಇಲ್ಲಿ?"

"ಅಡ್ಮಿಷನ್ ಆಗಿದೆ ಮೇಡಂ. ಪೋದ ವಾರಾನೇ ಅಲ್ಲ, ಹೋದ ತಿಂಗಳೇ ಹೆಸರು ಕೊಟ್ಟಿದ್ದೆ." ಗಾಬರಿಗೆ ಅವನ ನಾಲಿಗೆ ಹೊರಳಿತು. ಬೆಂಚಿನಲ್ಲಿದ್ದವರು ನಕ್ಕರು. ಅವಳು ನಗಲಿಲ್ಲ.

"ನಿಮಗೆ ಯಾಕೆ ಈ ಪರೀಕ್ಷೆ?"

"ದೊಡ್ಡ ಪ್ರಿಂಟಿಂಗ್ ಪ್ರೆಸ್ಸಿನವರು ಮಷೀನ್ ರಿಪೇರಿ ಟ್ರೇನಿಂಗ್ ಕೊಡ್ತಾರೆ. ಪುಸ್ತಕ ಎಲ್ಲ ಇಂಗ್ಲಿಷಲ್ಲಿ ಇರೋದ್ರಿಂದ ಸರ್ಟಿಫಿಕೇಟ್ ಕೇಳ್ತಾರೆ. ಪರೀಕ್ಷೆ ಇಪ್ಪತ್ನಾಲ್ಕಕ್ಕೆ."

ಉತ್ತರ ನೆಟ್ಟಗಿತ್ತು. ಅತಿ ನೆಟ್ಟಗಿತ್ತು... 'ಮೊದಲೇ ಉರುಹೊಡೆದು ಬಂದಿದ್ದಾನೆ. ಒಳಗಿದ್ದುಕೊಂಡೇ ಪೇಪರ್ ಕದಿಯುವ ಉಪಾಯ!'

ಅವಳು ಎಲ್ಲರಿಗೂ ಒಂದೊಂದು ಹಾಳೆ ಹಂಚಿದಳು. ಎರಡು ವರ್ಷದ ಹಿಂದೆ ಅವಳೇ ತಯಾರಿಸಿದ್ದು. ಒಂದು ಪ್ರಬಂಧಕ್ಕೆ ಎಂಟು ಕೊಂಡಿ ಪದ, ಯಾವ ಪ್ಯಾರಾಕ್ಕೆ ಯಾವುದು ಅನ್ನುವುದೂ ಸೇರಿ. ಫಸ್ಟ್‌ಲಿಯಿಂದ ಹಿಡಿದು ಇನ್ ಕನ್‌ಕ್ಲೂಷನ್‌ವರೆಗೆ ಎಲ್ಲ ಸಾಲಾಗಿ.

ಅವನ ಹತ್ತಿರ ಬಂದಾಗ ಅವನು ಕೈ ಚಾಚಲಿಲ್ಲ.

"ನನ್ನ ಹತ್ರ ಇದೆ ಮೇಡಂ. ಇದುವರೆಗಿನ ಎಲ್ಲಾ ಬ್ಯಾಚಿಗೂ ನಾನೇ ಅಲ್ವಾ ಮಾಡಿಕೊಟ್ಟಿದ್ದು. ಈ ಹಾಳೆ ಬಗ್ಗೇನೇ ಒಂದು ಮಾತು ಹೇಳಬೇಕಿತ್ತು..."

"ಮಾತು ಬೇಡ. ಬರೀರಿ."

ಯಂತ್ರಗಳು ಮನುಷ್ಯರ ಕೆಲಸ ಕಸಿದುಕೊಳ್ಳುತ್ತಿವೆಯೇ ಅನ್ನುವುದು ವಿಷಯ. ನಲವತ್ತು ನಿಮಿಷ. ಎಲ್ಲರ ಪೆನ್ನೂ ಓಡಿತು. ಅವನದು ನಿಂತು ನಿಂತು ಹೋಗುತ್ತಿತ್ತು.

ಮಧ್ಯಾಹ್ನ ಅವಳು ಮೊದಲು ಎಳೆದುಕೊಂಡದ್ದು ಅವನ ಹಾಳೆಯನ್ನೇ.

ಮಷೀನ್ ಬಿಸಿಯಾಗುತ್ತದೆ. ನಾನು ಬಾಗಿಲು ತೆರೆಯುತ್ತೇನೆ. ಪೇಪರ್ ಒಳಗೆ ಸಿಕ್ಕಿಕೊಂಡಿದೆ. ಜೋರಾಗಿ ಎಳೆದರೆ ಹರಿಯುತ್ತದೆ. ಮಷೀನಿಗೆ ಸಿಟ್ಟು ಬಂದಿದೆ ಎಂದು ಗಿರಾಕಿ ಹೇಳುತ್ತಾರೆ. ಅದಕ್ಕೆ ಸಿಟ್ಟಿಲ್ಲ. ದಣಿವಾಗಿದೆ.

ಹೀಗೇ ಸಾಗಿತ್ತು ಅವನ ಇಂಗ್ಲಿಷ್. ತಪ್ಪುಗಳಿದ್ದವು, ಪುಟ್ಟ ಪುಟ್ಟ ವಾಕ್ಯಗಳು. ಎಂಟು ಕೊಂಡಿಯಲ್ಲಿ ಒಂದೂ ಇರಲಿಲ್ಲ! ಆದರೂ ಓದುತ್ತಾ ಓದುತ್ತಾ ಅವಳಿಗೆ ಬಿಸಿ ಪೇಪರಿನ ವಾಸನೆ ಬಂದ ಹಾಗಾಯಿತು. ಕೊನೆಯ ಸಾಲು ಮುಗಿದಾಗ ಇನ್ನೂ ಸ್ವಲ್ಪ ಇರಬೇಕಿತ್ತು ಅನಿಸಿತು.

ತಕ್ಷಣ ಅವಳು ತನ್ನನ್ನೇ ಗದರಿಕೊಂಡಳು. 'ನಾಟಕ! ಇಷ್ಟು ವರ್ಷ ನನ್ನ ಪೇಪರುಗಳನ್ನು ಓದಿದವನಿಗೆ ಒಂದು ಹೌಎವರ್ ಗೊತ್ತಿಲ್ಲವೇ? ಏನೂ ಅರಿಯದವನ ಹಾಗೆ ತೋರಿಸಿಕೊಳ್ಳುತ್ತಿದ್ದಾನೆ.' ಸಿಟ್ಟಿನಿಂದ ಹನ್ನೊಂದು ಕೊಂಡಿ ಎಳೆದಳು.

ಮರುದಿನ ಹಾಳೆ ವಾಪಸ್ ಕೊಟ್ಟಾಗ ಅವನು ಆ ಹನ್ನೊಂದು ಕೊಂಡಿಗಳ ಮೇಲೆ ಮೆಲ್ಲಗೆ ಬೆರಳಾಡಿಸಿ ಮುಗುಳ್ನಕ್ಕ.

ಬೈಸಿಕೊಂಡು ನಗುವವರನ್ನು ಕಂಡರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ!

* * *

"ನಿನ್ನ ಅನುಮಾನಕ್ಕೆ ಥರ್ಮಾಮೀಟರ್ ಇಟ್ರೆ ಒಡೆದೇ ಹೋಗುತ್ತೆ ಕಣೇ," ಅಂದಳು ಅಕ್ಕ. ಡ್ಯೂಟಿ ಮುಗಿಸಿ ಬಂದು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲು ಇಟ್ಟುಕೊಂಡು ಕೂತಿದ್ದಳು. "ಅವನು ಪೇಪರ್ ಓದಿದ, ಕ್ಲಾಸಿಗೆ ಬಂದ, ನಕ್ಕ. ಇದರಲ್ಲಿ ಕಳ್ಳತನ ಎಲ್ಲಿದೆ?"

"ಕಿವಿ ಕೆಂಪಾಯ್ತು ಅಕ್ಕ!"

"ಹುಡುಗಿ ಬಂದು ಅಷ್ಟು ಜನರ ಮುಂದೆ ಕೂಗಾಡಿದ್ರೆ ಇನ್ನೇನು ಹಸಿರಾಗುತ್ತಾ?"

"ನಿನಗೆ ಹುಡುಗಾಟ. ಆ ಹುದ್ದೆ ಕೈತಪ್ಪಿದ್ರೆ?"

ಅಕ್ಕ ಕಾಲನ್ನು ನೀರಿನಲ್ಲಿ ಒಮ್ಮೆ ಆಡಿಸಿದಳು. ನಗು ಹೋಗಿತ್ತು.

"ಕೈತಪ್ಪಿದ್ರೆ ಬೇಜಾರಾಗುತ್ತೆ. ತುಂಬಾನೇ ಆಗುತ್ತೆ. ಆದ್ರೆ ಅದಕ್ಕೆ ಯಾರೋ ಒಬ್ಬನನ್ನ ಹಿಡಿದು ಬಲಿ ಕೊಡಬೇಡ. ಎಲ್ಲರೂ ಅವನ ಥರಾನೇ ಇರಲ್ಲ."

ಅವನು ಅಂದರೆ ಯಾರು ಅಂತ ಇಬ್ಬರಿಗೂ ಗೊತ್ತಿತ್ತು. ಎರಡು ವರ್ಷದ ಹಿಂದೆ ತಂಗಿಗೆ ನಿಶ್ಚಯವಾಗಿದ್ದ ಗಂಡು. ಬಾಯಿ ತೆರೆದರೆ ಜೇನು. ಮದುವೆಗೆ ಮೂರು ವಾರ ಇದ್ದಾಗ ಗೊತ್ತಾಯಿತು, ಅವನಿಗೆ ಬೇರೆ ಊರಿನಲ್ಲಿ ಆಗಲೇ ಹೆಂಡತಿ, ಮಗು ಇದ್ದರು.

ಅಂದಿನಿಂದ ಅವಳು ಯಾವುದನ್ನೂ ಸಡಿಲ ಬಿಡುತ್ತಿರಲಿಲ್ಲ. ಬಾಗಿಲಿಗೆ ಎರಡು ಬೀಗ, ಬೀರುವಿಗೆ ಒಂದು. ಪ್ರಬಂಧಕ್ಕೆ ಎಂಟು ಕೊಂಡಿ.

* * *

ಗುರುವಾರ ಊಟದ ಹೊತ್ತಿಗೆ ಅವಳು ಕೆಳಗಿಳಿದಳು. ಅಂಗಡಿ ತೆರೆದೇ ಇತ್ತು. ಅವನು ಎದುರಿನ ಕ್ಯಾಂಟೀನಿನಲ್ಲಿ ಬೆನ್ನು ಹಾಕಿ ಕೂತು ಚಹಾ ಕುಡಿಯುತ್ತಿದ್ದ.

ಕದಿಯಲು ಬಂದವಳು ತಾನೇ ಅನ್ನುವ ಹಾಗೆ ಅತ್ತಿತ್ತ ನೋಡಿ, ಕೌಂಟರಿನ ಹಿಂದೆ ಬಗ್ಗಿದಳು. ಪೇಪರ್ ರೀಮುಗಳು, ಖಾಲಿ ಟೋನರ್ ಡಬ್ಬಿ, ಒಂದು ಛತ್ರಿ... ಅದರ ಕೆಳಗೆ ದಪ್ಪನೆಯ ನೀಲಿ ಫೈಲ್.

ತೆರೆದಳು. ಮೊದಲ ಹಾಳೆಯಲ್ಲೇ ತನ್ನ ಕೊಂಡಿ! ಎರಡನೆಯದರಲ್ಲೂ. ಅವಳು ತಿದ್ದಿದ ಪ್ರಬಂಧಗಳ ಕಾಪಿಗಳು, ಮೂರು ವರ್ಷದವು, ತಾರೀಕಿನ ಪ್ರಕಾರ ಜೋಡಿಸಿಟ್ಟದ್ದು. ಪ್ರತಿ ಹಾಳೆಯ ಬಲಗಡೆಯ ಮೇಲಿನ ಮೂಲೆಯನ್ನು ಕತ್ತರಿಯಿಂದ ಕತ್ತರಿಸಿ ತೆಗೆಯಲಾಗಿತ್ತು. ಬರೆದವರ ಹೆಸರು, ನಂಬರ್ ಇರುವ ಮೂಲೆ ಅದು.

'ಗುರುತು ಸಿಗದ ಹಾಗೆ ಮಾಡಿದ್ದಾನೆ! ಸಿಕ್ಕಿಬಿದ್ದ!'

ಗೆದ್ದೆ ಅನಿಸಬೇಕಿತ್ತು. ಯಾಕೋ ಅನಿಸಲಿಲ್ಲ. ಆ ಪುಟ್ಟ ಪುಟ್ಟ ವಾಕ್ಯಗಳನ್ನು ಬರೆದವನು ಕಳ್ಳನಾಗಿರದಿದ್ದರೆ ಚೆನ್ನಾಗಿರುತ್ತಿತ್ತು ಅಂತ ಮನಸ್ಸಿನ ಒಂದು ಮೂಲೆ ಬಯಸಿತ್ತು. ಆ ಮೂಲೆಗೂ ಬೀಗ ಹಾಕಿ ಫೈಲನ್ನು ಎತ್ತಿಕೊಂಡು ಡೈರೆಕ್ಟರ್ ರೂಮಿಗೆ ನಡೆದಳು.

ಹತ್ತು ನಿಮಿಷದಲ್ಲಿ ಅವನನ್ನು ಕರೆಸಿದರು.

"ಈ ಫೈಲ್ ನಿಂದಾ?" ಡೈರೆಕ್ಟರ್ ಮೇಜು ಗುದ್ದಿದರು.

"ನಂದೇ ಸರ್. ಮಾಸಲಾಗಿ, ಸೊಟ್ಟಗೆ ಬಂದ ಕಾಪಿಗಳು. ಹರಿದು ಹಾಕಬೇಕಿತ್ತು. ಹಾಕಲಿಲ್ಲ. ಬರೆದವರ ಹೆಸರು ಯಾರ ಕಣ್ಣಿಗೂ ಬೀಳಬಾರದು ಅಂತ ಮೂಲೆ ಕತ್ತರಿಸಿದೆ. ಇನ್ನೊಬ್ಬರ ಬರಹ ಇಟ್ಟುಕೊಂಡಿದ್ದು ತಪ್ಪೇ. ಆದ್ರೆ ಯಾರಿಗೂ ಕೊಟ್ಟಿಲ್ಲ, ಮಾರಿಲ್ಲ."

"ಮಾರದವನಿಗೆ ಮೂರು ವರ್ಷ ಇದನ್ನ ಇಟ್ಟುಕೊಳ್ಳೋಕೆ ಏನು ಹುಚ್ಚಾ?"

ಅವನು ಅವಳ ಕಡೆ ನೋಡಿದ. ನೋಡಿ ತಲೆ ತಗ್ಗಿಸಿದ. ಕಿವಿಗಳು ಮತ್ತೆ ಕೆಂಪಾದವು.

"ಹೇಳಿ! ಯಾಕೆ ಇಟ್ಟುಕೊಂಡ್ರಿ?" ಅವಳೇ ಕೇಳಿದಳು. ಒಂದು ನೆಪ ಹೇಳಲಿ, ನಂಬುವಂಥ ಒಂದೇ ಒಂದು ನೆಪ!

ಅವನು ಹೇಳಲಿಲ್ಲ.

ಡೈರೆಕ್ಟರ್ ಅವನ ಪರೀಕ್ಷೆಯ ಅರ್ಜಿಯನ್ನು ಎಳೆದು, ಅಡ್ಡಗೆರೆ ಹೊಡೆದು ಪಕ್ಕಕ್ಕಿಟ್ಟರು. ಅವನು ಅದನ್ನು ನೋಡುತ್ತಾ ನಿಂತ. ಕೈಯಿಂದ ಏನೋ ಜಾರಿಬಿದ್ದವನ ಹಾಗೆ ಬೆರಳುಗಳನ್ನು ಒಮ್ಮೆ ಮುಚ್ಚಿ ತೆರೆದ. ಹೊರಡುವಾಗ ಬಾಗಿಲ ಹತ್ತಿರ ತಿರುಗಿದ.

"ಮೇಡಂ, ಕಚೇರಿಗೆ ಪತ್ರ ಬರೆಯೋ ಮೊದಲು ಆ ಫೈಲನ್ನ ಒಂದ್ಸಲ ಮೊದಲಿಂದ ಕೊನೇವರೆಗೆ ಓದಿ. ಹಾಳೆಗಳ ಹಿಂದೇನೂ ನೋಡಿ. ಆಮೇಲೆ ನಿಮಗೆ ಹೇಗೆ ಕಾಣುತ್ತೋ ಹಾಗೆ ಬರೀರಿ."

* * *

ಸ್ಟಾಫ್ ರೂಮಿನಲ್ಲಿ ಅವಳೊಬ್ಬಳೇ. ಪತ್ರದ ಮೊದಲ ಸಾಲು ಬರೆದಾಗಿತ್ತು. 'ಪ್ರಬಂಧಗಳ ಮೂಲ ಪತ್ತೆಯಾಗಿದೆ...'

ಪೆನ್ನು ಅಲ್ಲಿಗೇ ನಿಂತಿತು. ಓದುವುದರಲ್ಲಿ ಹೋಗುವುದೇನು? ಇನ್ನಷ್ಟು ಸಾಕ್ಷಿ ಸಿಗಬಹುದು. ಫೈಲನ್ನು ಎಳೆದುಕೊಂಡಳು.

ಮೊದಲ ಹಾಳೆ ಯಾರೋ ತಮ್ಮ ಅಪ್ಪನ ಬಗ್ಗೆ ಬರೆದದ್ದು. ಗಡಿಯಾರ ರಿಪೇರಿ ಮಾಡುವ ಅಪ್ಪ. ಪಕ್ಕದಲ್ಲಿ ಒಂದು ಕೊಂಡಿ, ಅದರ ಕೆಳಗೆ ಅವಳದೇ ಅಕ್ಷರ. 'ಇಲ್ಲಿ ನಿಲ್ಲಿಸಬೇಡಿ. ಆಮೇಲೆ ಏನಾಯಿತು?'

ನಾನು ಹೀಗೆಲ್ಲ ಬರೆಯುತ್ತಿದ್ದೆನೇ?

ಹಾಳೆ ತಿರುಗಿಸಿದಳು. ಹಿಂದೆ ಸಣ್ಣ ಪೆನ್ಸಿಲ್ ಅಕ್ಷರ, ಅವನದು. 'ನನಗೂ ಅದೇ ಅನಿಸಿತು. ಆಮೇಲೆ ಏನಾಯಿತು?'

ಅವಳು ಅದನ್ನು ಮತ್ತೊಮ್ಮೆ ಓದಿದಳು. ಮತ್ತೊಂದು ಹಾಳೆ. 'ಮಲತಾಯಿ ಬಗ್ಗೆ ಬರೆದವರಿಗೆ ಮೇಡಂ ಹೇಳಿದ್ದು: ಈ ವಾಕ್ಯ ಬರೆಯಲು ಧೈರ್ಯ ಬೇಕು. ಇವತ್ತು ಡಿಕ್ಷನರಿ ತಂದೆ.' ಮಗದೊಂದು. 'ಹೌಎವರ್ ಅಂದರೆ ಆದರೂ. ಆದರೂ ಅನ್ನುವ ಪದ ನನಗೆ ಇಷ್ಟವಾಯಿತು.'

ಅವಳ ತುಟಿಯಲ್ಲಿ ತಾನಾಗಿ ನಗು ಮೂಡಿತ್ತು. ಒಂದು ತಾರೀಕಿನ ನಂತರ ಅದು ಹಾಗೇ ಆರಿತು.

ಎರಡು ವರ್ಷದ ಹಿಂದಿನ ತಾರೀಕು. ನಿಶ್ಚಯ ಮುರಿದ ಮುಂದಿನ ತಿಂಗಳು. ಅಲ್ಲಿಂದ ಮುಂದೆ ಅವಳ ಅಕ್ಷರಗಳೇ ಇರಲಿಲ್ಲ. ಬರೀ ಕೊಂಡಿ. ಹಿಂದುಗಡೆ ಪೆನ್ಸಿಲ್ ಹೇಳುತ್ತಿತ್ತು. 'ಈ ತಿಂಗಳು ಮೇಡಂ ಒಂದು ಮಾತೂ ಬರೆದಿಲ್ಲ. ಹುಷಾರಿಲ್ಲವೇನೋ.' 'ಇವತ್ತೂ ಇಲ್ಲ.' 'ಯಾರು ನೋಯಿಸಿದರೋ.'

ಅವಳಿಗೆ ಕಣ್ಣು ಮಂಜಾಯಿತು. ಅಕ್ಕನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದ ನೋವು. ತಾನು ಮುಖವನ್ನೇ ನೋಡದಿದ್ದ ಒಬ್ಬ ಮನುಷ್ಯ ಅದನ್ನು ಇಂಕಿನಲ್ಲಿ ಓದಿದ್ದ!

ಇನ್ನೂ ಪುಟ ತಿರುವಿದಳು. ಆ ವರ್ಷದ ಕೊನೆಗೆ ಬರುವ ಹೊತ್ತಿಗೆ ಪ್ರಬಂಧಗಳೂ ಬದಲಾಗಿದ್ದವು. ಫಸ್ಟ್‌ಲಿ. ಮೋರ್‌ಓವರ್. ಫಾರ್ ಇನ್‌ಸ್ಟನ್ಸ್. ಮುಂದಿನ ಹಾಳೆಯಲ್ಲೂ ಫಸ್ಟ್‌ಲಿ, ಮೋರ್‌ಓವರ್, ಫಾರ್ ಇನ್‌ಸ್ಟನ್ಸ್. ಅದರ ಮುಂದಿನದರಲ್ಲೂ. ಅದೇ ಎಂಟು, ಅದೇ ಸಾಲು, ಅದೇ ಜಾಗ. ಗಡಿಯಾರದ ಅಪ್ಪ ಇರಲಿಲ್ಲ, ಮಲತಾಯಿ ಇರಲಿಲ್ಲ. ಎಂಟು ಗೂಟ ನೆಟ್ಟು ಮಧ್ಯೆ ಏನೋ ಒಂದು ತುಂಬಿದ ಹಾಗಿತ್ತು.

ಅವಳು ಎಂಟು ಕೊಂಡಿಯ ತನ್ನ ಹಾಳೆಯನ್ನು ಮೇಜಿನ ಮೇಲೆ ತೆಗೆದಿಟ್ಟಳು.

ಕೊನೆಯ ಹಾಳೆಯ ಹಿಂದೆ, ಹೋದ ತಿಂಗಳ ಬರಹ. 'ಈಗ ಎಲ್ಲ ಒಬ್ಬರೇ ಬರೆದ ಹಾಗಿದೆ. ಪರೀಕ್ಷೆಯವರು ನಕಲು ಅಂದುಕೊಂಡರೆ? ಮೇಡಂಗೆ ಹೇಳಬೇಕು. ಕ್ಲಾಸಿಗೆ ಸೇರಿದರೆ ಹೇಳಲು ಒಂದು ಅವಕಾಶ ಸಿಗಬಹುದು. ಹೇಗೆ ಹೇಳುವುದು?'

ಹದಿನಾಲ್ಕೂ ಜನ ಇಳಿಸಿದ್ದ ಆ ಒಂದೇ ಮೂಲ... ಎದುರಿಗೇ ಮೇಜಿನ ಮೇಲಿತ್ತು. ಅವಳದೇ ಕೈಬರಹ. ಯಾರೂ ಕದ್ದಿರಲಿಲ್ಲ. ಅವಳೇ ಹಂಚಿದ್ದಳು, ಹೀಗೇ ಬರೆಯಬೇಕು ಅಂತ ಗದರಿಸಿ ಹಂಚಿದ್ದಳು. ಅಕ್ಕನ ಕೈಗೂ ಅವಳೇ ಕೊಟ್ಟಿದ್ದಳು.

ಇಷ್ಟು ದಿನ ಊರೆಲ್ಲ ಕಳ್ಳನನ್ನು ಹುಡುಕಿದವಳು ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

* * *

"ನನ್ನಿಂದಾನೇ ಅಕ್ಕ. ನಿನ್ನ ರಿಸಲ್ಟ್ ನಿಂತಿದ್ದು ನನ್ನಿಂದಾನೇ."

ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಬೈಯಲಿಲ್ಲ. ಅದೇ ಹೆಚ್ಚು ನೋಯಿಸಿತು.

"ಒಂದು ಮಾತು ಹೇಳಲಾ? ಪರೀಕ್ಷೇಲಿ ನನಗೆ ಬಂದ ವಿಷಯ ವಯಸ್ಸಾದವರ ಆರೈಕೆ. ನಮ್ಮ ವಾರ್ಡಿನ ಒಬ್ಬ ಅಜ್ಜಿ ಬಗ್ಗೆ ಬರೀಬೇಕು ಅಂತಿದ್ದೆ. ದಿನಾ ನನ್ನ ಹಿಡಿದು ಮಗಳೇ ಊಟ ಆಯ್ತಾ ಅಂತಿದ್ಲು. ಅಷ್ಟರಲ್ಲಿ ನಿನ್ನ ಹಾಳೆ ನೆನಪಾಯ್ತು. ಅಜ್ಜಿ ಎಲ್ಲೂ ಹೊಂದಲಿಲ್ಲ. ಬಿಟ್ಟುಬಿಟ್ಟೆ."

"ಕ್ಷಮಿಸು ಅಕ್ಕ..."

"ನನ್ನನ್ನ ಕೇಳೋದು ಆಮೇಲೆ. ಇನ್ನೊಬ್ಬರು ಇದ್ದಾರಲ್ಲ, ಕೆಂಪು ಕಿವಿಯವರು. ಅವರ ಅರ್ಜಿ ಏನಾಯ್ತು?"

ಮರುದಿನ ಬೆಳಿಗ್ಗೆ ಅವಳು ಪರೀಕ್ಷಾ ಕಚೇರಿಗೆ ಬರೆದ ಪತ್ರವನ್ನು ಡೈರೆಕ್ಟರ್ ಎರಡು ಸಲ ಓದಿದರು.

"ಇದನ್ನ ಕಳಿಸಿದ್ರೆ ನಿಮ್ಮ ಕೆಲಸ ಉಳಿಯುತ್ತೆ ಅಂತ ನಾನು ಹೇಳೋಕಾಗಲ್ಲ. ಆ ಜೆರಾಕ್ಸ್‌ನವನ ಮೇಲೆ ಹಾಕಿದ್ರೆ ಇಲ್ಲಿಗೇ ಮುಗಿಯುತ್ತೆ."

"ಮುಗಿಯುತ್ತೆ ಸರ್. ಆದರೂ ಕಳಿಸ್ತೀನಿ. ಅವರ ಅರ್ಜಿ ಕೂಡ ಇದರ ಜೊತೆ ಹೋಗಬೇಕು."

* * *

ಜೆರಾಕ್ಸ್ ಅಂಗಡಿಯ ಮುಂದೆ ಮೂರು ಜನ ಗಿರಾಕಿಗಳಿದ್ದರು. ಅವಳು ಸರದಿಯಲ್ಲಿ ನಿಂತಳು. ಅವನು ನೋಡಿದ, ನೋಡದವನ ಹಾಗೆ ಮುಂದಿನವರ ಪೇಪರ್ ತೆಗೆದುಕೊಂಡ.

ಅವಳ ಸರದಿ ಬಂತು. ಪತ್ರವನ್ನು ಕೌಂಟರ್ ಮೇಲೆ ಇಟ್ಟಳು.

"ಒಂದು ಕಾಪಿ."

ಅವನು ಅದನ್ನು ನೋಡದೆ ಮಗುಚಿ ಮಷೀನಿನ ಮೇಲೆ ಇಡಹೋದ.

"ಓದಿ ಹಾಕಿ," ಅಂದಳು. "ಇಲ್ದಿದ್ರೆ ತಲೆಕೆಳಗಾಗಿ ಬರುತ್ತೆ."

ಅವನ ಕೈ ನಿಂತಿತು. ಹಾಳೆಯನ್ನು ತಿರುಗಿಸಿದ. ತುಟಿಗಳು ಮೆಲ್ಲಗೆ ಅಲ್ಲಾಡತೊಡಗಿದವು. ಹದಿನಾಲ್ಕು ಜನರ ತಪ್ಪಿಲ್ಲ... ನಾನೇ ತಯಾರಿಸಿ ಹಂಚಿದ ಹಾಳೆಯನ್ನು ಇದರೊಂದಿಗೆ ಇಟ್ಟಿದ್ದೇನೆ... ಅವರಿಗೆ ಹೊಸ ವಿಷಯ ಕೊಟ್ಟು, ಈ ಹಾಳೆ ಇಲ್ಲದೆ ಮತ್ತೆ ಬರೆಸಿ... ಇದನ್ನು ಮೊದಲು ಕಂಡುಹಿಡಿದವರನ್ನೇ ನಾನು ಕಳ್ಳ ಅಂದೆ.

ಅವನು ಓದಿ ಮುಗಿಸುವವರೆಗೆ ಅವಳು ಕಾದಳು. ಆಮೇಲೆ ಗಿರಾಕಿಗಳಿಗೆಲ್ಲ ಕೇಳುವ ಹಾಗೆ ಹೇಳಿದಳು.

"ಅವತ್ತು ಇಲ್ಲೇ ನಿಂತು ನಿಮ್ಮ ಮೇಲೆ ಕೂಗಾಡಿದ್ದೆ. ನೀವಿಲ್ಲದಾಗ ನಿಮ್ಮ ಫೈಲ್ ತೆಗೆದದ್ದೂ ನಾನೇ. ತಪ್ಪು ನಂದು. ಕ್ಷಮಿಸಿ."

ಹಿಂದೆ ನಿಂತಿದ್ದವರೊಬ್ಬರು ತಮಗೇ ಹೇಳಿದ ಹಾಗೆ "ಪರವಾಗಿಲ್ಲ ಬಿಡಮ್ಮ" ಅಂದುಬಿಟ್ಟರು!

ಅವನು ಮಾತ್ರ ಹಾಗನ್ನಲಿಲ್ಲ.

"ಮೇಡಂ, ಸುಳ್ಳು ಹೇಳಲ್ಲ. ನನಗೆ ಬೇಜಾರಾಗಿದೆ."

"ತುಂಬಾನಾ?"

"ಒಂದು ರೀಮಿನಷ್ಟು."

"ಐನೂರು ಹಾಳೆ..." ಅವಳ ಕಣ್ಣಲ್ಲಿ ನೀರು ತುಂಬಿತು.

"ಹೂಂ. ಖಾಲಿಯಾಗೋಕೆ ಸ್ವಲ್ಪ ದಿನ ಬೇಕು." ಅವನು ಮಷೀನಿನ ಗುಂಡಿ ಒತ್ತಿದ. "ಖಾಲಿಯಾಗುತ್ತೆ."

* * *

ಪರೀಕ್ಷಾ ಕಚೇರಿಯಿಂದ ಇಬ್ಬರು ಬಂದರು. ಎಂಟು ಕೊಂಡಿಯ ಹಾಳೆ ನೋಡಿ ಒಬ್ಬರು ತಲೆ ಚಚ್ಚಿಕೊಂಡರು. ಅವನ ಪರೀಕ್ಷೆ ನಡೆದ ಇಪ್ಪತ್ನಾಲ್ಕರಂದೇ ಹದಿನಾಲ್ಕು ಜನರೂ ಹೊಸ ವಿಷಯದ ಮೇಲೆ ಮತ್ತೆ ಬರೆದರು. ಅವಳನ್ನು ಡೈರೆಕ್ಟರ್ ರಜೆಯ ಮೇಲೆ ಕಳಿಸಿದ್ದರು. ಕರೆಯುತ್ತಾರೋ ಇಲ್ಲವೋ ಗೊತ್ತಿರಲಿಲ್ಲ.

ತಿಂಗಳು ಮುಗಿಯಲು ಎರಡು ದಿನ ಇರುವಾಗ ರಿಸಲ್ಟ್ ಬಂತು. ಹನ್ನೆರಡು ಜನ ಪಾಸು. ಇಬ್ಬರು ಇಲ್ಲ. ಆ ಇಬ್ಬರನ್ನು ರಜೆಯಲ್ಲೇ ಮನೆಗೆ ಕರೆದು ಪಾಠ ಶುರು ಮಾಡಿದಳು. ಅಕ್ಕ ಪಾಸಾಗಿದ್ದಳು, ಈ ಸಲ ಅಜ್ಜಿಯನ್ನು ಮೊದಲ ವಾಕ್ಯದಲ್ಲೇ ಕೂರಿಸಿದ್ದಳಂತೆ! ಡೈರೆಕ್ಟರ್ ಫೋನ್ ಮಾಡಿ, ಸೋಮವಾರ ಬನ್ನಿ, ಆ ಹಾಳೆ ಮಾತ್ರ ತರಬೇಡಿ ಅಂದರು.

ಸೋಮವಾರ ಕ್ಲಾಸು ಮುಗಿದ ಮೇಲೂ ಕೊನೆಯ ಬೆಂಚಿನಲ್ಲಿ ಒಬ್ಬರು ಕೂತೇ ಇದ್ದರು.

"ಪಾಸಾದವರಿಗೆ ಇಲ್ಲೇನು ಕೆಲಸ?" ಅವಳು ಕೇಳಿದಳು. ದನಿಯಲ್ಲಿ ಗದರಿಕೆ ಇರಲಿಲ್ಲ.

"ಮುಂದಿನ ವಾರದಿಂದ ಟ್ರೇನಿಂಗ್ ಮೇಡಂ. ಬೆಳಿಗ್ಗೆ ಪ್ರೆಸ್ಸು, ಸಂಜೆ ಅಂಗಡಿ." ಅವನು ಎದ್ದು ಬಂದು ಮೇಜಿನ ಮೇಲೆ ಒಂದು ಹಾಳೆ ಇಟ್ಟ. "ಇದೊಂದು ತಿದ್ದಿಕೊಡಿ."

ಇಂಗ್ಲಿಷಿನಲ್ಲಿ ಎರಡೇ ಸಾಲು.

ನಾನು ಮೂರು ವರ್ಷ ನಿಮ್ಮ ಹಸಿರು ಇಂಕನ್ನು ಓದಿದೆ. ಮುಂದೆ ನಿಮ್ಮನ್ನು ಓದಬೇಕು.

ಅವಳ ಕೆನ್ನೆ ಬಿಸಿಯಾಯಿತು. ಹಸಿರು ಪೆನ್ನು ತೆಗೆದುಕೊಂಡಳು. ಎರಡು ವಾಕ್ಯಗಳ ನಡುವೆ ಪೆನ್ನಿನ ತುದಿ ತುಂಬಾ ಹೊತ್ತು ನಿಂತಿತ್ತು.

"ಇಲ್ಲಿ ಒಂದು ಕೊಂಡಿ ಬೇಕಿತ್ತು," ಅಂದಳು ಮೆಲ್ಲಗೆ.

"ಬೇಕಾ?"

"ಬೇಡ. ತಾನೇ ಸೇರಿಕೊಂಡಿದೆ."

ಕೊಂಡಿ ಹಾಕಬೇಕಾದ ಜಾಗದಲ್ಲಿ, ಎರಡು ವರ್ಷದ ಮೇಲೆ ಮೊದಲ ಸಲ, ಅವಳು ಮಾತು ಬರೆದಳು. 'ಇಲ್ಲಿ ನಿಲ್ಲಿಸಬೇಡಿ. ಆಮೇಲೆ ಏನಾಯಿತು?'

ಅವನು ಓದಿದ. ತುಟಿ ಅಲ್ಲಾಡಿಸುತ್ತಾ, ಒಂದೊಂದೇ ಅಕ್ಷರ. ಕಿವಿಗಳು ಎಂದಿನ ಹಾಗೆ ಕೆಂಪಾದವು. ಆ ಕೆಂಪು ಯಾವುದರದ್ದು ಅಂತ ಈಗ ಅವಳಿಗೆ ಅನುಮಾನವೇ ಇರಲಿಲ್ಲ.

"ಆ ರೀಮು ಖಾಲಿಯಾಯ್ತಾ?" ಕೇಳಿದಳು.

"ಇದೇ ಕೊನೇ ಹಾಳೆ ಮೇಡಂ."

"ಹಾಗಾದ್ರೆ ನನಗೂ ಇದರದೊಂದು ಕಾಪಿ ಬೇಕು."

"ಇದೊಂದಕ್ಕೆ ಆಗಲ್ಲ."

"ಯಾಕೆ? ಮಷೀನ್ ಕೆಟ್ಟಿದೆಯಾ?"

"ಮಷೀನ್ ಚೆನ್ನಾಗಿದೆ. ಇದು ಒಂದೇ ಇರಲಿ."

"ಒಂದೇ ಇದ್ರೆ ಯಾರ ಮನೇಲಿ ಇಟ್ಟುಕೊಳ್ಳೋದು? ನಿಮ್ಮನೇಲಾ, ನಮ್ಮನೇಲಾ?"

ಅವನು ಹಾಳೆಯನ್ನು ಮಡಚದೆ, ಮೂಲೆ ಮುದುಡದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡ.

"ಇಬ್ಬರೂ ಇರೋ ಮನೇಲಿ," ಅಂದ.